ಅವಳು ತೋಬಾ ಮಾಡಿರಲಿಲ್ಲ

ನನ್ನ ಹೆಂಡತಿ ಬೊಲಾವಾನ್ ತೀರಿಕೊಂಡದ್ದು ಸಫರ್ ತಿಂಗಳ ಒಂದು ಗುರುವಾರ. ಬೆಳಗಿನ ನಮಾಜು ಮುಗಿಸಿ ಸರೋವರದ ದಂಡೆಯ ದಾರಿಯಲ್ಲಿ ಮನೆಗೆ ಬರುತ್ತಿದ್ದೆ. ಮನೆಯ ಏಣಿಯ ಬುಡದಲ್ಲಿ ಅವಳ ತಂಗಿ ಸಲಿಕಾ ನಿಂತಿದ್ದಳು. ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಗಂಜಿಯ ಮೇಲೆ ನೊಣ ಕೂರುತ್ತಿತ್ತು, ಅವಳು ಓಡಿಸುತ್ತಿರಲಿಲ್ಲ. ಅಷ್ಟು ನೋಡಿದ್ದೇ ನನಗೆ ತಿಳಿಯಿತು.

"ಗಂಜಿ ಬೇಡ ಅಂದ್ಳು ಭಾವ. ಸುಮ್ನೆ ಪಕ್ಕದಲ್ಲಿ ಕೂತ್ಕೋ ಅಂದ್ಳು. ಕೂತೆ. ಆಮೇಲೆ ಏನೂ ಹೇಳ್ಲಿಲ್ಲ."

"ಇನ್ನಾ ಲಿಲ್ಲಾಹಿ" ಎಂದೆ. ಏಣಿ ಹತ್ತಿ ಒಳಗೆ ಹೋದೆ.

ನಮ್ಮಲ್ಲಿ ಸತ್ತವರನ್ನು ಕಾಯಿಸುವುದಿಲ್ಲ. ಹೆಂಗಸರು ಮೀಯಿಸಿದರು, ಬಿಳಿ ಬಟ್ಟೆ ಸುತ್ತಿದರು. ಮಧ್ಯಾಹ್ನದ ನಮಾಜಿನ ನಂತರ ಊರಿನ ಗಂಡಸರೆಲ್ಲ ಸೇರಿ ಅವಳನ್ನು ಗುಡ್ಡದ ಇಳಿಜಾರಿಗೆ ಹೊತ್ತೆವು. ಮಣ್ಣು ಹಾಕುವ ಮೊದಲು ಮನೆಯ ಹಿರಿಮಗ ಎದ್ದು ನಿಂತು ಸತ್ತವರ ಪರವಾಗಿ ಕ್ಷಮೆ ಕೇಳುವುದು ನಡೆದುಬಂದ ರೀತಿ. ನನ್ನ ಮಗ ನಸ್ರುದ್ದೀನ್ ನಿಂತ. ಮರುಭೂಮಿಯ ದೇಶದಲ್ಲಿ ಹತ್ತಾರು ವರ್ಷ ಓದಿ ಬಂದವನು, ಈಗ ನಮ್ಮೂರ ಹೊಸ ಮದರಸಾದಲ್ಲಿ ಉಸ್ತಾದ.

"ನನ್ನ ತಾಯಿ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಮಾಫ್ ಮಾಡಿ. ಯಾರಿಗಾದರೂ ಬಾಕಿ ಉಳಿಸಿದ್ದರೆ ನನ್ನ ಹತ್ತಿರ ಬನ್ನಿ" ಎಂದ. ಇಷ್ಟು ಎಲ್ಲರೂ ಹೇಳುವ ಮಾತೇ. ಮಣ್ಣು ಹಾಕಲು ನಾನು ಬಗ್ಗಿದೆ. ಅವನು ಕೂರಲಿಲ್ಲ.

"ಇನ್ನೊಂದು ಮಾತಿದೆ. ನನ್ನ ತಾಯಿ ಆಯುಷ್ಯವೆಲ್ಲ ಕೊಲಿಂತಾಂಗ್ ಜಾಗಟೆ ನುಡಿಸಿದಳು, ಊರ ಹೆಣ್ಣುಮಕ್ಕಳಿಗೆ ಕುಣಿತ ಕಲಿಸಿದಳು. ಅದು ಪಾಪ ಎಂದು ಕೊನೆಗೆ ಅವಳಿಗೆ ಅರಿವಾಯಿತು. ಅವಳು ಪಶ್ಚಾತ್ತಾಪಪಟ್ಟು, ತೋಬಾ ಮಾಡಿಯೇ ಹೋಗಿದ್ದಾಳೆ. ಅಲ್ಲಾಹು ಅದನ್ನು ಸ್ವೀಕರಿಸಲಿ ಎಂದು ದುವಾ ಮಾಡಿ."

ಗುಂಪಿನಲ್ಲಿ ಯಾರೋ "ಅಲ್‌ಹಮ್‌ದುಲಿಲ್ಲಾ" ಎಂದರು. ನನ್ನ ಮುಷ್ಟಿಯಲ್ಲಿ ಮಣ್ಣಿತ್ತು. ಆ ಮಣ್ಣನ್ನು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಗೋರಿಯ ಮುಂದೆ ದನಿ ಎತ್ತಬಾರದು. ಹಲ್ಲು ಕಚ್ಚಿಕೊಂಡು ಮಣ್ಣು ಹಾಕಿದೆ.

ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕೇರಿಯವರು ಅನ್ನ, ಹುರಿದ ಮೀನು, ಪಲಾಪಾ ಕಳಿಸಿದ್ದರು. ಈರುಳ್ಳಿ ಶುಂಠಿ ಮೆಣಸು ಕುಟ್ಟಿ ಹುರಿದ ಆ ಖಾರವಿಲ್ಲದೆ ಬೊಲಾವಾನಳಿಗೆ ಊಟ ಇಳಿಯುತ್ತಿರಲಿಲ್ಲ. ಹರಿವಾಣದ ಸುತ್ತ ನಾನು, ಮಗ, ಸಲಿಕಾ ಕೂತೆವು. ಸೊಸೆ ಸಪಿಯಾ ಬಡಿಸುತ್ತಿದ್ದಳು. ಮೊಮ್ಮಗಳು ರೈಹಾನಾ ಕಂಬಕ್ಕೆ ಒರಗಿದ್ದಳು.

"ಆ ಮಾತು ನಿನಗೆ ಯಾರು ಹೇಳಿದ್ರು?" ಎಂದೆ.

"ಯಾವ ಮಾತು ಅಬೀ?"

"ಗೊತ್ತಿಲ್ಲದೋನ ಹಾಗೆ ಕೇಳ್ಬೇಡ."

ಅವನು ಕೈಯ ತುತ್ತನ್ನು ಹರಿವಾಣದಲ್ಲೇ ಬಿಟ್ಟ. ತಾಯಿಯನ್ನು ಅವನು ಇನಾ ಎಂದೇ ಕರೆಯುತ್ತಿದ್ದ. "ಇನಾ ತಾನೇ ಹೇಳಿದ್ದು. ನೀವು ಇಲಿಗಾನಿಗೆ ಕಣ್ಣಿನ ಆಪರೇಷನ್ನಿಗೆ ಹೋಗಿದ್ರಲ್ಲ, ಆವಾಗ. ಒಂದಿನ ಮದರಸಾದಿಂದ ಬಂದೆ, ಜಾಗಟೆ ಎಲ್ಲಾ ಇಳಿಸಿ ತನ್ನ ಮಲೋಂಗ್ ಬಟ್ಟೇಲಿ ಸುತ್ತಿ ಪೆಟ್ಟಿಗೇಲಿ ಇಡ್ತಿದ್ಳು. ಯಾಕೆ ಇನಾ ಅಂತ ಕೇಳ್ದೆ. 'ನಿಲ್ಲಿಸಿದೀನಿ ಕಣೋ. ಮಣ್ಣಿನ ಮುಂದೆ ಸದ್ದು ಮಾಡಬಾರದು' ಅಂದ್ಳು. ಇದಕ್ಕಿಂತ ತೋಬಾ ಬೇರೆ ಹೇಗಿರುತ್ತೆ?"

"ತೋಬಾ ಅನ್ನೋ ಶಬ್ದ ಅವಳ ಬಾಯಲ್ಲಿ ಬಂತಾ?"

"ಶಬ್ದ ಯಾಕ್ಬೇಕು? ಕೆಲಸಾನೇ ಸಾಕ್ಷಿ."

ಸಲಿಕಾ ನೀರಿನ ಲೋಟ ಕುಕ್ಕಿದಳು. "ನನ್ನ ಅಕ್ಕ ನಿನಗೆ ಹಾಲು ಕುಡಿಸೋವಾಗ್ಲೂ ಒಂದು ಕಾಲಲ್ಲಿ ತಾಳ ಹಾಕ್ತಿದ್ಳು. ಆ ಹಾಲೂ ಪಾಪದ್ದೇನೋ? ಕಕ್ಕಿಬಿಡು ಹಾಗಾದ್ರೆ."

"ಬಾಬೋ" ಎಂದು ಅವನು ಚಿಕ್ಕಮ್ಮನ ಕಡೆ ತಿರುಗಿದ. "ನಾನು ಅವಳ ಒಳ್ಳೇದಕ್ಕೇ ಹೇಳಿದ್ದು. ಗೋರೀಲಿ ದೇವದೂತರು ಪ್ರಶ್ನೆ ಕೇಳೋವಾಗ ಅವಳ ಹತ್ರ ಏನಿರುತ್ತೆ ಅಂತ ನನಗೆ ಭಯ. ನಾಲ್ಕು ಜನರ ದುವಾ ಇರ್ಲಿ ಅಂತ ಹೇಳ್ದೆ." ಅವನ ದನಿ ಒಡೆಯಿತು. ಅವನು ಅತ್ತದ್ದು ಸುಳ್ಳಲ್ಲ. ಆದರೆ ನನ್ನ ಕೋಪ ಇಳಿಯಲಿಲ್ಲ.

"ನಾನು ಐವತ್ತು ವರ್ಷದಿಂದ ಒಂದು ಹೊತ್ತಿನ ನಮಾಜು ಬಿಟ್ಟಿಲ್ಲ. ಅವಳೂ ಬಿಟ್ಟಿಲ್ಲ. ಅಜಾನ್ ಕೇಳಿದ ಕ್ಷಣ ಕೋಲು ಕೆಳಗಿಡ್ತಿದ್ಳು. ಸತ್ತೋಳ ಬಾಯಿಗೆ ಅವಳು ಆಡದ ಮಾತು ತುರುಕೋದು ಯಾವ ಕಿತಾಬಲ್ಲಿ ಹಲಾಲು? ಅದನ್ನ ನನಗೆ ತೋರಿಸು."

ಅವನು ಎದ್ದು ಕೈ ತೊಳೆಯಲು ಹೋದ. ಹರಿವಾಣದ ಅನ್ನ ಹಾಗೇ ಉಳಿಯಿತು.

ಆ ಕೊಲಿಂತಾಂಗ್ ಅವಳ ತಾಯಿಯಿಂದ ಬಂದದ್ದು. ಬೋಗುಣಿ ಬೋರಲು ಹಾಕಿದಂಥ ಎಂಟು ಕಂಚಿನ ಜಾಗಟೆಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಎರಡೂ ತುದಿಯಲ್ಲಿ ನಾಗನನ್ನು ಕೆತ್ತಿದ ಚೌಕಟ್ಟಿನ ಮೇಲೆ ಹಗ್ಗ ಬಿಗಿದು ಕೂರಿಸುತ್ತಾರೆ. ಮದುವೆ, ಪಟ್ಟ, ಹಜ್ಜಿಗೆ ಹೋದವರು ಬಂದ ದಿನ, ಇವೆಲ್ಲಕ್ಕೂ ಸರೋವರದ ಈ ದಂಡೆಯಲ್ಲಿ ಬೊಲಾವಾನಳೇ ಬೇಕು. ಅವಳು ಕೂರುವ ಠೀವಿ ಬೇರೆ. ಬೆನ್ನು ನೆಟ್ಟಗೆ, ಕಣ್ಣು ಕೆಳಗೆ, ಮುಖದಲ್ಲಿ ನಗುವಿಲ್ಲ. ಕೈಯ ಕೋಲುಗಳು ಮಾತ್ರ ಗಾಳಿಯಲ್ಲಿ ತಿರುಗುತ್ತಿದ್ದವು. ಅದೇ ಠೀವಿಯನ್ನು ಅವಳು ಹುಡುಗಿಯರಿಗೂ ಕಲಿಸುತ್ತಿದ್ದಳು: ಬೀಸಣಿಗೆ ಹಿಡಿಯುವುದು, ಬಡಿಯುವ ಬಿದಿರುಗಳ ನಡುವೆ ಪಾದ ಇಡುವುದು, ಎಲ್ಲಕ್ಕೂ ಮೊದಲು ನಡೆಯುವುದು. "ನೀರು ತುಂಬಿದ ಕೊಡದ ಹಾಗೆ ನಡೀರೇ, ತುಳುಕಬಾರದು" ಎನ್ನುತ್ತಿದ್ದಳು. ನಮ್ಮ ಹೆಂಗಸರು ಸಂತೆಗೆ ಹೋದರೂ ಇಂಥವರ ಮನೆಯವಳು ಎಂದು ನಡಿಗೆಯಲ್ಲೇ ತಿಳಿಯಬೇಕು.

ನಾನು ಇಲಿಗಾನಿನಿಂದ ಬರುವ ಹೊತ್ತಿಗೆ ಚೌಕಟ್ಟು ಬರಿದಾಗಿತ್ತು, ಅವಳಿಗೆ ಕೆಮ್ಮು ಹಿಡಿದಿತ್ತು. ಯಾಕೆ ಇಳಿಸಿದೆ ಎಂದು ನಾನೂ ಕೇಳಿದ್ದೆ. "ನಿಮ್ಮ ಕಣ್ಣಿನ ಪಟ್ಟಿ ಬಿಚ್ಚಲಿ, ಆಮೇಲೆ ಹೇಳ್ತೀನಿ. ಈಗ ಹೇಳಿದ್ರೆ ಕೋಪ ಮಾಡ್ಕೋತೀರಿ, ಕಣ್ಣಿಗೆ ಒಳ್ಳೇದಲ್ಲ" ಎಂದು ನಕ್ಕಿದ್ದಳು. ಪಟ್ಟಿ ಬಿಚ್ಚಿದ ವಾರ ಅವಳು ಹಾಸಿಗೆ ಹಿಡಿದಳು. ಆ ಮಾತು ಅವಳ ಜೊತೆಯೇ ಹೋಯಿತು.

ಮರುವಾರ ಮಸೀದಿಯಲ್ಲಿ ಜನ ನನ್ನ ಕೈ ಹಿಡಿದು ಸಮಾಧಾನ ಹೇಳಿದರು. "ದುಃಖ ಪಡಬೇಡಿ ಹಾಜಿ, ಒಳ್ಳೆ ಸಾವು. ತೋಬಾ ಮಾಡಿ ಹೋದ್ರಲ್ಲ." ಇದೇ ಜನರ ಮಕ್ಕಳ ಮದುವೆಯಲ್ಲಿ ಅವಳು ಬೆರಳಿಗೆ ಬೊಬ್ಬೆ ಬರುವಷ್ಟು ನುಡಿಸಿದ್ದಾಳೆ. ಆಗ ಯಾರೂ ಅವಳ ಪರವಾಗಿ ಕ್ಷಮೆ ಕೇಳಿರಲಿಲ್ಲ, ಇನ್ನೊಂದು ಸಲ ನುಡಿಸು ಎಂದೇ ಕೇಳಿದ್ದರು. ನಾನು ಕೈ ಬಿಡಿಸಿಕೊಂಡು ಬಂದೆ.

ಅವಳ ಹತ್ತಿರ ಕಲಿಯುತ್ತಿದ್ದ ಹುಡುಗಿಯರು ರೈಹಾನಾಳ ಜೊತೆ ಅಂಗಳದಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಒಬ್ಬಳ ತಾಯಿ ಬಂದು ಮಗಳು ಬಿಟ್ಟುಹೋಗಿದ್ದ ಬೀಸಣಿಗೆ ತೆಗೆದುಕೊಂಡು, ಸಪಿಯಾಳಿಗೆ ಹೇಳಿ ಹೋದಳು: "ಗುರುವೇ ತಪ್ಪಾಯ್ತು ಅಂದ್ಮೇಲೆ ನಮ್ಮ ಮಕ್ಳು ಯಾಕೆ ಕುಣೀಬೇಕಮ್ಮ?"

ಆ ಸಂಜೆ ನಾನು ಕಾಫಿ ಕುಡಿಯುತ್ತಿದ್ದಾಗ ರೈಹಾನಾ ಪಕ್ಕದಲ್ಲಿ ಬಂದು ಕೂತಳು. ಹದಿನಾರು ವರ್ಷ, ಅಜ್ಜಿಯ ಕೈಯೇ ಇವಳಿಗೂ ಬಂದಿದೆ.

"ಅಪೋ, ಒಂದು ಕೇಳ್ಲಾ? ಇನ್ಮೇಲೆ ನಾನು ನುಡಿಸಿದ್ರೆ ಅಜ್ಜಿಗೆ ಗೋರೀಲಿ ಕಷ್ಟ ಆಗುತ್ತಾ?"

"ಯಾರು ಹೇಳಿದ್ದು ಹಾಗಂತ?"

"ಯಾರೂ ಹೇಳ್ಲಿಲ್ಲ. ಅಜ್ಜಿ ಬಿಟ್ಟಿದ್ದನ್ನ ನಾನು ಮಾಡಿದ್ರೆ... ಅಂತ."

ಕಾಫಿ ಲೋಟ ಕೆಳಗಿಟ್ಟೆ. ಸತ್ತವಳ ಹೆಸರಿಗೆ ಮಸಿ ಬಳಿದದ್ದು ಸಾಲದೆಂದು ಆ ಮಸಿಯನ್ನು ಈ ಮಗುವಿನ ಕೈಗೂ ಮೆತ್ತಿದ್ದರು. "ಏನೂ ಆಗಲ್ಲ ಮಗಾ" ಎಂದೆ. ಅವಳು ನಂಬಲಿಲ್ಲ. ತಂದೆ ಉಸ್ತಾದ, ತಾತ ಬರೀ ಮುದುಕ.

ಇದರ ಮಧ್ಯೆ ಪಟ್ಟಣದ ಉತ್ಸವ ಸಮಿತಿಯಿಂದ ಒಬ್ಬ ಬಂದ. ನಮ್ಮ ಮರಾನಾವ್ ಜನಾಂಗದವನೇ. ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ. ಫಾತಿಹಾ ಓದಿದ, ಕಾಫಿ ಕುಡಿದ, ಆಮೇಲೆ ವಿಷಯಕ್ಕೆ ಬಂದ.

"ಅಜ್ಜಿ ನಮ್ಮ ಜನಾಂಗದ ಆಸ್ತಿ, ಹಾಜಿ. ಈ ಸಲ ಉತ್ಸವದಲ್ಲಿ ಅವರ ಹೆಸರು ಹೇಳ್ಬೇಕು ಅಂತಿದೀವಿ. ಅವರ ಕೊಲಿಂತಾಂಗ್ ವೇದಿಕೆ ಮೇಲೆ ಇದ್ರೆ ಚೆನ್ನಾಗಿರುತ್ತೆ."

"ಯಾರು ನುಡಿಸ್ತಾರೆ?"

"ನುಡಿಸೋದು ಬೇಡ, ಇಟ್ರೆ ಸಾಕು. ಸದ್ದು ಸ್ಪೀಕರಿನಿಂದ ಬರುತ್ತೆ. ನಿಮ್ಮ ಮೊಮ್ಮಗಳು ರಾಜಕುಮಾರಿ ಆಗ್ಬಹುದು. ಬಿದಿರಿನ ಕುಣಿತ, ಕತ್ತಿ ಹಿಡಿದ ರಾಜಕುಮಾರ ಹಿಂದಿಂದ ಬರ್ತಾನೆ. ಸ್ವಲ್ಪ ನಗ್ತಾ ಕುಣೀಬೇಕು, ಅಷ್ಟೆ. ಜನಕ್ಕೆ ನಗು ಇಷ್ಟ."

"ಎಷ್ಟು ಹಲ್ಲು ಕಾಣ್ಬೇಕು?" ಎಂದು ಒಳಗಿನಿಂದ ಸಲಿಕಾ ಕೇಳಿದಳು. "ಲೆಕ್ಕ ಹೇಳಿದ್ರೆ ಕಲಿಸಿ ಕಳಿಸ್ತೀವಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನಸ್ರುದ್ದೀನ್ ಹೇಳಿದ: "ಹುಡುಗಿ ಬರಲ್ಲ. ಜಾಗಟೆ ತಗೊಂಡು ಹೋಗಿ. ವಾಪಸ್ ತರೋದೂ ಬೇಡ."

ಒಬ್ಬನಿಗೆ ಅದು ಪಾಪ, ಇನ್ನೊಬ್ಬನಿಗೆ ವೇದಿಕೆಯ ಅಲಂಕಾರ. ಇಬ್ಬರೂ ಸೇರಿ ನನ್ನ ಹೆಂಡತಿಯ ಪೆಟ್ಟಿಗೆಗೆ ಕೈ ಹಾಕಿದರು. ಪೆಟ್ಟಿಗೆ ಕದಲುವ ಮೊದಲೇ ಸಲಿಕಾ ಓಡಿಬಂದು ಅದರ ಮುಚ್ಚಳದ ಮೇಲೆ ಕೂತುಬಿಟ್ಟಳು.

"ಎತ್ರಪ್ಪ, ಎತ್ತಿ. ನನ್ನನ್ನೂ ಸೇರಿಸಿ ಎತ್ಕೊಂಡು ಹೋಗಿ. ವೇದಿಕೆ ಮೇಲೆ ನಾನೂ ಕೂತ್ಕೋತೀನಿ, ಹಲ್ಲಿಲ್ಲದ ರಾಜಕುಮಾರಿ. ನಗ್ತೀನಿ ಬೇಕಾದ್ರೆ."

ಉತ್ಸವದವನು ನನ್ನ ಮುಖ ನೋಡಿದ. "ಕಾಫಿ ಕುಡಿದಾಯ್ತಲ್ಲ, ಏಣಿ ಆ ಕಡೆ ಇದೆ" ಎಂದೆ. ಅವನು ಇಳಿದುಹೋದ.

"ಬಾಬೋ, ಏಳಿ" ಎಂದ ಮಗ.

"ಏಳಲ್ಲ. ಈ ಪೆಟ್ಟಿಗೇಲಿ ಜಾಗಟೆ ಎಂಟೂ ಇವೆ, ಕೋಲು ಮಾತ್ರ ಇಲ್ಲ. ಅದನ್ನ ಮೊದಲ ದಿನಾನೇ ನೋಡ್ದೆ. ಎಲ್ಲೋ ಕೋಲು? ನೀನೇ ಸುಟ್ಯಾ?"

"ಅಲ್ಲಾಹುವಿನಾಣೆ ನಾನು ಮುಟ್ಟಿಲ್ಲ." ಅವನು ನನ್ನ ಕಡೆ ತಿರುಗಿದ. "ಕೇಳಿದ್ರಾ ಅಬೀ? ಕೋಲನ್ನೂ ಇನಾ ತಾನೇ ಎಸೆದಿದಾಳೆ. ಮತ್ತೆ ನುಡಿಸೋ ಮನಸ್ಸಿದ್ದೋಳು ಕೋಲು ಯಾಕೆ ಎಸೀತಾಳೆ?"

ಅವು ಅವಳು ತಾನೇ ಒಪ್ಪ ಮಾಡಿಕೊಂಡಿದ್ದ ಮೆದು ಮರದ ಕೋಲುಗಳು, ಮಲಗುವಾಗ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

"ನಲವತ್ತನೇ ದಿನ ಊರನ್ನ ಊಟಕ್ಕೆ ಕರೀತೀನಿ. ಮಣ್ಣಿನ ದಿನ ಯಾರ್ಯಾರಿದ್ರೋ ಅವರೆಲ್ಲ ಬರ್ತಾರೆ. ಅವರ ಮುಂದೆ ನೀನು ಆ ಮಾತು ವಾಪಸ್ ತಗೋಬೇಕು" ಎಂದೆ.

"ನಲವತ್ತನೇ ದಿನದ ಊಟಕ್ಕೆ ಆಧಾರವೇ ಇಲ್ಲ ಅಬೀ."

"ನಾನು ನಿನ್ನ ಆಧಾರ ಕೇಳ್ಲಿಲ್ಲ. ಅಕ್ಕಿ ನಂದು, ಕೋಳಿ ನಂದು."

"ಸರಿ, ಊಟ ಹಾಕಿ. ಆದ್ರೆ ಏನಂತ ವಾಪಸ್ ತಗೊಳ್ಳಿ? ನಾನು ಕಣ್ಣಲ್ಲಿ ನೋಡಿದ್ದು, ಕಿವೀಲಿ ಕೇಳಿದ್ದು. ನಿಮ್ಮ ಸಮಾಧಾನಕ್ಕೆ ಜನರ ಮುಂದೆ ಸುಳ್ಳು ಹೇಳ್ಲಾ? ಒಬ್ಬೇ ಒಬ್ಬರು ಬಂದು ಅವಳು ತೋಬಾ ಮಾಡಿರ್ಲಿಲ್ಲ ಅಂತ ತೋರಿಸ್ಲಿ, ಅವತ್ತೇ ವಾಪಸ್ ತಗೋತೀನಿ. ತೋರಿಸ್ಲಿಲ್ಲ ಅಂದ್ರೆ ಮರುದಿನ ಈ ಪೆಟ್ಟಿಗೆ ಮನೆಯಿಂದ ಹೊರಗೆ ಹೋಗ್ಬೇಕು. ಇಲ್ಲಾ ನಾನು ಹೋಗ್ತೀನಿ."

"ಆಗ್ಲಿ" ಎಂದೆ. ಕೈಯಲ್ಲಿ ಏನೂ ಇಲ್ಲದೆ ಆಡಿದ ಮಾತದು.

ಅಂದಿನಿಂದ ಮನೆಯಲ್ಲಿ ಎರಡು ಹರಿವಾಣ. ಮಗ ಮದರಸಾದಿಂದ ಬಂದು ಒಳಗೆ ಉಣ್ಣುತ್ತಿದ್ದ, ನಾನು ಮುಂದಿನ ಕೋಣೆಯಲ್ಲಿ. ಸಪಿಯಾ ಎರಡಕ್ಕೂ ಬಡಿಸಿ, ತಾನು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಸಲಿಕಾ ತನ್ನ ಚಾಪೆಯನ್ನು ಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡಳು. ಹಗಲು ಅದರ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ನಸ್ರುದ್ದೀನ್ ಹಾದುಹೋದರೆ "ಮುಟ್ಟಿ ನೋಡು, ತುರಿಮಣೆ ಕೈಯಲ್ಲೇ ಇದೆ" ಎನ್ನುತ್ತಿದ್ದಳು.

ನಲವತ್ತನೆಯ ದಿನ ಹತ್ತಿರ ಬಂತು. ಯಾವ ಯಾವ ಮನೆಗೆ ಹೇಳಬೇಕೆಂದು ಸೊಸೆಯ ಜೊತೆ ಕೂತು ಯೋಚಿಸುತ್ತಿದ್ದೆ. ಅವಳು ಒರಳಿನಲ್ಲಿ ಪಲಾಪಾ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಿದಳು.

"ಕಾಲುವೆ ಆಚೆ ಮನೆಗೂ ಹೇಳಿ ಅಬೀ."

"ಮಿನಾಂಗಳ ಮನೆಗಾ? ತಲೆ ಸರಿ ಇದೆಯೇನಮ್ಮ ನಿನಗೆ?"

ನನ್ನ ತಮ್ಮನ ಕಾಲದಲ್ಲಿ ಗದ್ದೆಯ ನೀರಿಗಾಗಿ ಆ ಮನೆಗೂ ನಮಗೂ ಕತ್ತಿ ಎಳೆಯುವ ತನಕ ಹೋಗಿತ್ತು. ಹಿರಿಯರು ಕೂಡಿಸಿ ರಾಜಿ ಮಾಡಿಸಿದರು, ರಕ್ತ ಬೀಳಲಿಲ್ಲ. ಮಾತು ಮಾತ್ರ ಮತ್ತೆ ಹುಟ್ಟಲಿಲ್ಲ. ನಮ್ಮಲ್ಲಿ ಮರಾತಾಬಾತ್ ಎನ್ನುತ್ತೇವೆ, ಮನೆತನದ ಮಾನ. ಅದು ಒಮ್ಮೆ ಸೆಟೆದು ನಿಂತರೆ ಮಗ ಮೊಮ್ಮಗನ ಕಾಲಕ್ಕೂ ಬಗ್ಗುವುದಿಲ್ಲ. ಹೋದ ವರ್ಷದ ಕೊನೆಗೆ ಮಿನಾಂಗಳ ಮಗ ಅರಬರ ದೇಶದಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ಸತ್ತ. ಅಲ್ಲಿಯೇ ಮಣ್ಣು ಮಾಡಿದರು. ಹೆಣ ಬರಲಿಲ್ಲ, ಜನಾಜಾ ಏಳಲಿಲ್ಲ. ಇಲಿಗಾನಿನಲ್ಲಿದ್ದ ನನಗೆ ಸುದ್ದಿ ತಡವಾಗಿ ಬಂತು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

ಸಪಿಯಾ ತಲೆ ಬಗ್ಗಿಸಿ ಹೇಳಿದಳು: "ಆ ಸುದ್ದಿ ಬಂದಾಗಿಂದ ಅತ್ತೆ ದಿನಾ ಒಂದು ಬಟ್ಟಲು ಊಟ ಕೊಟ್ಟು ಕಳಿಸ್ತಿದ್ರು. ಬೇಲಿ ಹತ್ರ ಕೊರಡಿನ ಮೇಲೆ ಇಟ್ಟು ಬರ್ತಿದ್ದೆ. ಖಾಲಿ ಬಟ್ಟಲು ತೊಳೆದು ಅಲ್ಲೇ ಇಟ್ಟಿರ್ತಿದ್ರು. 'ಗಂಡಸರಿಗೆ ಹೇಳ್ಬೇಡ, ಅವರ ಮರಾತಾಬಾತ್ ಎದ್ದು ಕೂತ್ಕೊಳ್ಳುತ್ತೆ' ಅಂದಿದ್ರು. ಅವರಿಗೆ ಕೊಟ್ಟ ಮಾತು, ಅದಕ್ಕೇ ಇಷ್ಟು ದಿನ ಹೇಳ್ಲಿಲ್ಲ."

ಅನ್ನದ ಬಟ್ಟಲಿಗೂ ಜಾಗಟೆಗೂ ನಂಟಿದೆ ಎಂದು ನನಗೆ ಆಗಲೂ ಹೊಳೆಯಲಿಲ್ಲ. ಆದರೆ ನನ್ನ ಹೆಂಡತಿ ಉಣ್ಣಿಸಿದ ಮನೆಯನ್ನು ಅವಳ ಹೆಸರಿನ ಊಟಕ್ಕೆ ಕರೆಯದೆ ಬಿಡುವುದು ಹೇಗೆ? ಚಪ್ಪಲಿ ಮೆಟ್ಟಿ ಕಾಲುವೆಯ ಹಲಗೆ ದಾಟಿದೆ.

ಮಿನಾಂಗ್ ಏಣಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು. ಸಲಾಂ ಹೇಳಿದೆ. ಊಟದ ದಿನ ಹೇಳಿದೆ. ಅವಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

"ಒಂದು ಮಾತು ಹಾಜಿ. ನಮ್ಮ ಮನೆಯವರು ಮಣ್ಣಿಗೆ ಬಂದಿದ್ರು, ದೂರ ನಿಂತಿದ್ರು. ಬೊಲಾವಾನ್ ತೋಬಾ ಮಾಡಿದ್ಳು ಅಂತ ನಿಮ್ಮ ಮಗ ಹೇಳಿದ್ನಂತೆ. ಹೌದಾ?"

"ಹೇಳಿದ."

"ಹೂಂ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳೂ ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಕುದಿಯುತ್ತಾ ಮನೆಗೆ ಬಂದೆ.

ಆ ದಿನ ಬೆಳಗಿನಿಂದ ಕೇರಿಯ ಹೆಂಗಸರು ಬಂದು ಅರಿಶಿನದ ಅನ್ನ, ಕಾಯಿಹಾಲಿನ ಕೋಳಿ, ಒಣ ಮಸಾಲೆಯ ಮಾಂಸ ಬೇಯಿಸಿದರು. ಮಧ್ಯಾಹ್ನದ ನಮಾಜು ಮುಗಿಸಿ ಗಂಡಸರು ಮುಂದಿನ ಕೋಣೆಯಲ್ಲಿ ಸಾಲಾಗಿ ಕೂತರು. ಹೆಂಗಸರು ಪರದೆಯ ಆಚೆ. ಗೋಡೆಯ ಪಕ್ಕ ಬರಿದಾದ ನಾಗನ ಚೌಕಟ್ಟು. ಕುರಾನ್ ಓದುವುದು ಮುಗಿಯಿತು. ನಾನು ಎದ್ದು ನಿಂತೆ.

"ಊಟಕ್ಕೆ ಮೊದಲು ಒಂದು ವಿಷಯ. ಮಣ್ಣಿನ ದಿನ ನನ್ನ ಮಗ ಒಂದು ಮಾತು ಹೇಳಿದ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ಹತ್ತಿರ ಸಾಕ್ಷಿ ಇಲ್ಲ. ನಲವತ್ತೆಂಟು ವರ್ಷ ಅವಳ ಜೊತೆ ಬಾಳಿದ್ದೇನೆ, ಅದೇ ನನ್ನ ಸಾಕ್ಷಿ."

ಯಾರೋ ಗಂಟಲು ಸರಿಮಾಡಿಕೊಂಡರು. ಇಮಾಮರು ನೆಲ ನೋಡಿದರು. ನಸ್ರುದ್ದೀನ್ ತಗ್ಗಿದ ದನಿಯಲ್ಲಿ "ಅಬೀ, ಕೂತ್ಕೊಳ್ಳಿ. ಜನ ನೋಡ್ತಿದಾರೆ" ಎಂದ.

"ನೋಡಲಿ ಅಂತಾನೇ ಕರೆದಿದ್ದು."

ಆಗ ಪರದೆ ಸರಿಯಿತು. ಮಿನಾಂಗ್ ಹೊರಗೆ ಬಂದಳು. ಮಾಸಿದ ಮಲೋಂಗ್ ಉಟ್ಟು, ತಲೆಗೆ ಬಿಳಿ ಬಟ್ಟೆ ಸುತ್ತಿದ್ದಳು. ಗಂಡಸರ ಸಾಲುಗಳ ನಡುವೆ, ತುಂಬಿದ ಕೊಡದ ಹಾಗೆ, ನಿಧಾನವಾಗಿ ನಡೆದು ಬಂದಳು. ಮಡಿಲಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಎರಡು ಕೋಲುಗಳು. ಹಿಡಿಯುವ ಜಾಗದಲ್ಲಿ ಬೊಲಾವಾನಳ ಬೆರಳಿನಿಂದ ಸವೆದ ಕಪ್ಪು ಹೊಳಪು.

"ಇದು ಯಾರದು ಗೊತ್ತಾಯ್ತಾ ಉಸ್ತಾದ?" ಎಂದು ನನ್ನ ಮಗನನ್ನು ಕೇಳಿದಳು.

ಅವನು ಕೋಲಿನ ಕಡೆ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡ.

"ನನ್ನ ಮಗನ ಸುದ್ದಿ ಬಂದ ಸಂಜೆ ನಿಮ್ಮನೇಲಿ ಕೊಲಿಂತಾಂಗ್ ನಡೀತಿತ್ತು. ನಾನು ಕಿರುಚಿಕೊಂಡೆ. ಸದ್ದು ಅಲ್ಲೇ ನಿಂತ್ಹೋಯ್ತು. ಮರುದಿನ ನಿನ್ನ ತಾಯಿ ಬೇಲಿ ಹತ್ರ ಬಂದ್ಳು. ಎಷ್ಟೋ ವರ್ಷದ ಮೇಲೆ ಅವಳ ಮುಖ ಅಷ್ಟು ಹತ್ತಿರದಿಂದ ನೋಡಿದ್ದು. ಈ ಕೋಲು ನನ್ನ ಕೈಗೆ ಕೊಟ್ಟು, 'ನಿನ್ನ ಮನೇಲಿ ಹೆಣ ಇಲ್ಲ, ಗೋರಿ ಇಲ್ಲ, ಆದ್ರೂ ಮಣ್ಣು ಮಣ್ಣೇ. ನಿನ್ನ ಮಣ್ಣಿನ ಮುಂದೆ ನಾನು ಸದ್ದು ಮಾಡಲ್ಲ. ನಿನಗೆ ಕೇಳ್ಬೇಕು ಅನ್ನಿಸಿದ ದಿನ ಕಳಿಸು, ಅವತ್ತು ನುಡಿಸ್ತೀನಿ' ಅಂದ್ಳು."

ಪರದೆಯ ಆಚೆಯಿಂದ ಸಲಿಕಾ ಜೋರಾಗಿ ಅತ್ತಳು. "ಅಯ್ಯೋ, ನಮ್ಮಮ್ಮ ಹೀಗೇ ಮಾಡ್ತಿದ್ಳು! ನೊಂದ ಮನೆಗೆ ಕೋಲು ಕೊಟ್ಟು ಬರ್ತಿದ್ಳು! ನನಗೆ ಹೇಗೆ ಮರೆತುಹೋಯ್ತು!"

"ನಾನು ಬೇಗ ಕಳಿಸ್ಬಹುದಿತ್ತು" ಎಂದಳು ಮಿನಾಂಗ್. "ಇವತ್ತು, ನಾಳೆ ಅಂತಿದ್ದೆ. ಅವಳೇ ಹೋಗಿಬಿಟ್ಳು. ಊರಲ್ಲಿ ನನ್ನ ಮಗನಿಗೋಸ್ಕರ ಬಾಯಿ ಮುಚ್ಚಿದ್ದು ಇದೊಂದೇ ಮನೆ. ಅದನ್ನ ನೀನು ತೋಬಾ ಅಂತೀಯಾ? ನನ್ನ ಮಗನ ಪಾಲಿನ ಮರ್ಯಾದೇನ ನೀನು ಅವಳ ತಪ್ಪಿನ ಲೆಕ್ಕಕ್ಕೆ ಬರೀತೀಯಾ? ಯಾವ ಅಧಿಕಾರದಿಂದ ಉಸ್ತಾದ?"

ನಾನೂ ಅವನ ಸಹಾಯಕ್ಕೆ ಹೋಗಲಿಲ್ಲ. ನಸ್ರುದ್ದೀನ್ ಆ ಕೋಲುಗಳನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಹಲ್ಲು ಬರುವ ಕಾಲದಲ್ಲಿ ಅವನು ಅವನ್ನೇ ಕಚ್ಚುತ್ತಿದ್ದ, ಒಂದರ ತುದಿಯಲ್ಲಿ ಇನ್ನೂ ಗುರುತಿದೆ. ಆಮೇಲೆ ಎದ್ದು ನಿಂತ.

"ಕೊಲಿಂತಾಂಗಿನ ವಿಚಾರದಲ್ಲಿ ನಾನು ಓದಿದ್ದು ನನ್ನ ಹತ್ತಿರವೇ ಇದೆ, ಅದನ್ನು ಇವತ್ತು ಬಿಡುತ್ತೇನೆ ಎಂದು ಹೇಳಲಾರೆ. ಆದರೆ ನನ್ನ ತಾಯಿ ತೋಬಾ ಮಾಡಿರಲಿಲ್ಲ. ಅವಳು ಆಡದ ಮಾತನ್ನು ನಾನು ಅವಳ ಗೋರಿಯ ಮೇಲೆ ಆಡಿದೆ. ಅವಳಿಗಾಗಿ ನಿಮ್ಮ ಹತ್ತಿರ ಕ್ಷಮೆ ಕೇಳಿದ್ದೆ. ಇವತ್ತು ನನಗಾಗಿ ಕೇಳುತ್ತೇನೆ. ಮಾಫ್ ಮಾಡಿ." ಆಮೇಲೆ ಮಿನಾಂಗಳ ಕಡೆ ತಿರುಗಿ, "ನೀವೂ ಮಾಫ್ ಮಾಡಿ, ಬಾಬೋ" ಎಂದ. ಆ ಮನೆಯವರನ್ನು ನಮ್ಮ ಮನೆಯ ಮಕ್ಕಳು ಬಾಬೋ, ಚಿಕ್ಕಮ್ಮ ಎಂದು ಕರೆದದ್ದು ಅದೇ ಮೊದಲು.

"ಕೂತ್ಕೋ, ಊಟ ಆರಿಹೋಗುತ್ತೆ" ಎಂದಳು ಅವಳು.

ಕೋಲುಗಳನ್ನು ರೈಹಾನಾಳಿಗೆ ಕೊಡುತ್ತಾಳೆ ಎಂದು ನಾನು ತಿಳಿದಿದ್ದೆ. ಹುಡುಗಿ ಪರದೆಯ ಅಂಚು ಹಿಡಿದು ನಿಂತಿದ್ದಳು. ಮಿನಾಂಗ್ ನೇರವಾಗಿ ನನ್ನ ಮುಂದೆ ಬಂದಳು.

"ಈಗ ನೊಂದ ಮನೆ ನಿಮ್ಮದು ಹಾಜಿ. ಇವು ನಿಮ್ಮ ಹತ್ರ ಇರ್ಲಿ. ನಿಮಗೆ ಕೇಳ್ಬೇಕು ಅನ್ನಿಸಿದ ದಿನ ಮೊಮ್ಮಗಳ ಕೈಗೆ ಕೊಡಿ. ನಮ್ಮ ಮನೆಗೂ ಕೇಳುತ್ತೆ."

ಜನ ಉಂಡರು, ದುವಾ ಮಾಡಿದರು, ಹೋದರು. ಮಸೀದಿಯಲ್ಲಿ ನನ್ನ ಕೈ ಹಿಡಿದು ಸಮಾಧಾನ ಹೇಳಿದ್ದವರು ಅವತ್ತು ನನ್ನ ಕಣ್ಣು ತಪ್ಪಿಸಿದರು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಮಗನ ಮೇಲಿನದೂ ಪೂರ್ತಿ ಹೋಗಿಲ್ಲ. ಆದರೆ ಮರುದಿನ ಮನೆಯಲ್ಲಿ ಒಂದೇ ಹರಿವಾಣ ಇಟ್ಟರು. ಸಲಿಕಾ ಪೆಟ್ಟಿಗೆಯಿಂದ ಇಳಿದು ತನ್ನ ಚಾಪೆಯನ್ನು ಕಿಟಕಿಯ ಹತ್ತಿರ ಹಾಸಿಕೊಂಡಳು. ಉತ್ಸವದವನು ಮತ್ತೊಮ್ಮೆ ಫೋನ್ ಮಾಡಿದಾಗ ನಸ್ರುದ್ದೀನನೇ ಎತ್ತಿ, "ಅದು ಕೊಡುವಂಥದಲ್ಲ" ಎಂದು ಇಟ್ಟ.

ಕೋಲುಗಳು ಈಗ ನನ್ನ ತಲೆದಿಂಬಿನ ಕೆಳಗಿವೆ. ರೈಹಾನಾ ದಿನವೂ ಬೆಳಿಗ್ಗೆ ಕಾಫಿ ತಂದುಕೊಟ್ಟು ದಿಂಬಿನ ಕಡೆ ಒಮ್ಮೆ ನೋಡಿ ಹೋಗುತ್ತಾಳೆ. ಕೇಳುವುದಿಲ್ಲ. ಅಜ್ಜಿಯ ಹಾಗೆ ಕಣ್ಣು ಕೆಳಗೆ, ಬೆನ್ನು ನೆಟ್ಟಗೆ. ಕೊಡುವ ದಿನ ಬರುತ್ತದೆ. ನಾನು ಮಿನಾಂಗಳ ಹಾಗೆ ನಾಳೆ ನಾಳೆ ಎನ್ನುವುದಿಲ್ಲ.

ಯಾ ಅಲ್ಲಾ, ನಿನ್ನ ದಾಸಿ ಬೊಲಾವಾನಳನ್ನು ಕ್ಷಮಿಸು. ಅವಳಿಂದ ತಪ್ಪುಗಳಾಗಿದ್ದರೆ ಅವು ನಿನಗೆ ಗೊತ್ತು, ಹೊರಗಿನವರು ಹೇಳುವ ಅಗತ್ಯವಿಲ್ಲ. ಮಗನನ್ನು ಕಳೆದುಕೊಂಡ ನೆರೆಯವಳಿಗಾಗಿ ಅವಳು ಹಿಡಿದ ಮೌನವನ್ನು ಅವಳ ಪುಣ್ಯದಲ್ಲಿ ಸೇರಿಸು. ದೂರದ ಮಣ್ಣಿನಲ್ಲಿ ಒಬ್ಬನೇ ಮಲಗಿರುವ ಆ ಹುಡುಗನನ್ನೂ ಕ್ಷಮಿಸು. ಅವಳ ಗೋರಿಯನ್ನು ಅಗಲ ಮಾಡು, ಬೆಳಕು ಮಾಡು. ಅಲ್ಲಿ ಅವಳಿಗೆ ಶಾಂತಿ ಇರಲಿ. ಆಮೀನ್.